ಅಮ್ಮನಿಗಾಗಿ ಕಂಡ ದಾರಿ

ನಾನು ಮೊದಲ ಸಲ ರೈಲಿನಲ್ಲಿ ಬೆಂಗಳೂರಿಗೆ ಹೋದದ್ದು 1966ರಲ್ಲಿ. ಸಾಗರದಿಂದ ಹೊರಟವರು ಅಮ್ಮ ಮತ್ತು ನಾನು, ಇಬ್ಬರೇ. ಅಮ್ಮನ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಮಿಂಟೋ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅಂದು ನಮ್ಮದು ಮೀಟರ್ ಗೇಜ್ ಹಳಿ, ಉಗಿ ಇಂಜಿನ್, ಮೂರನೆಯ ದರ್ಜೆಯ ಮರದ ಹಲಗೆ.

"ಈಗ ಎಂತ ಕಾಣ್ತದೆ ಮಗಾ?" ಎಂದು ಅಮ್ಮ ಮತ್ತೆ ಮತ್ತೆ ಕೇಳುತ್ತಿದ್ದಳು. ಕಣ್ಣಿಗೆ ಬಿದ್ದ ಕಲ್ಲಿದ್ದಲ ಪುಡಿಯನ್ನು ಒರೆಸಿಕೊಳ್ಳುತ್ತ ನಾನು ಹೇಳುತ್ತ ಹೋದೆ: ಭದ್ರಾವತಿಯ ಕಾರ್ಖಾನೆಯ ಚಿಮಣಿ, ಬೀರೂರಿನಾಚೆಯ ಬಯಲು, ತಿಪಟೂರಿನ ತೆಂಗಿನ ತೋಟ. ಬೆಂಗಳೂರಿನಲ್ಲಿ ಇಳಿದಾಗ "ನಿಲ್ದಾಣ ಬಹಳ ದೊಡ್ಡದು" ಎಂದೆ. ಅದು ಅವಳಿಗೆ ಸಾಲಲಿಲ್ಲ. "ನಮ್ಮ ಸಂತೆ ಮಾಳದಂಥವು ಎಷ್ಟು ಹಿಡಿಸ್ತಾವೆ?" ಎಂದಳು.

ಕಾಣದವರಿಗೆ ಅವರು ಬಲ್ಲ ವಸ್ತುವಿನ ಅಳತೆಯಲ್ಲೇ ಹೇಳಬೇಕೆಂಬ ಪಾಠ ನನಗೆ ದೊರೆತದ್ದು ಅಲ್ಲಿ. ಕಡಲನ್ನೇ ನೋಡದ ನಿಮಗೆ ತರಗತಿಯಲ್ಲಿ ಕಡಲನ್ನು ಊರ ಕೆರೆಯಿಂದ ಅಳೆದು ತೋರಿಸುತ್ತಿದ್ದುದು ನೆನಪಿರಬಹುದು. ಅದು ಅಮ್ಮನ ಪ್ರಶ್ನೆಯ ಫಲ.

ಅಮ್ಮನ ಒಂದು ಕಣ್ಣಿಗೆ ಬೆಳಕು ಮರಳಿತು, ಇನ್ನೊಂದಕ್ಕೆ ಮರಳಲಿಲ್ಲ. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಬಂದಿತು. ಈಗ ರಾತ್ರಿ ಮಲಗಿ ಎದ್ದರೆ ಬೆಂಗಳೂರು. ಅನುಕೂಲವೇ ಸರಿ; ಆದರೆ ದಾರಿಯಲ್ಲಿ ಏನು ಕಾಣುತ್ತದೆಂದು ಕೇಳುವವರಿಲ್ಲ.