ಜೀಪಿಗೆ ಆರು ಚಕ್ರ

ವಿಲ್ಲೀಸ್ ಜೀಪನ್ನು ಭಾರತದಲ್ಲಿ ಜೋಡಿಸಿದ ಕಂಪೆನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರ ಆಂಡ್ ಮೊಹಮ್ಮದ್. ದೇಶ ಒಡೆಯಿತು, ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದರು. 1948ರಲ್ಲಿ ಹೆಸರು ಬದಲಾಯಿತು. ಜೀಪು ಇಲ್ಲೇ ಉಳಿಯಿತು.

ಸೇನೆ ಹರಾಜು ಹಾಕಿದ ಅಂಥದೊಂದು ಜೀಪಿನ ಆರು ಚಕ್ರಕ್ಕೂ ಎಂಜಿನ್ ಬಲ ಕೊಡಿಸಲು ಚಾಮರಾಜಪೇಟೆಯ ನನ್ನ ಗೆಳೆಯ ಹೊರಟಿದ್ದ. ಜೆ.ಸಿ. ರಸ್ತೆ ಬಳಿಯ ಹಿರಿಯ ಮೆಕ್ಯಾನಿಕ್ ಕೇಳಿದರು: "ಚಾಸಿ ಉದ್ದ ಮಾಡಿ ಇನ್ನೊಂದು ಆಕ್ಸಲ್, ಶಾಫ್ಟ್ ಕೂರಿಸಬಹುದು. ಆ ತೂಕವನ್ನು ಹಳೇ ಬ್ರೇಕು ತಡೆಯುತ್ತಾ ಭಾಯ್?" ಕಂಪೆನಿಯ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ. ಕೈತುಂಬ ದುಡ್ಡು ಸಿಗುವ ಕೆಲಸವನ್ನು ಅವರು ಬಿಟ್ಟುಕೊಟ್ಟರು; ಇದ್ದ ಹಾಗೇ ರಿಪೇರಿ ಮಾಡಿಕೊಡಲು ಒಪ್ಪಿದರು.

ಹೊಸತನ್ನು ಸೇರಿಸುವವರನ್ನು ನಾವು ಹೊಗಳುತ್ತೇವೆ. ಇದ್ದುದನ್ನು ಕೆಡದಂತೆ ಕಾಯುವವರಿಗೂ ಅಷ್ಟೇ ಕೌಶಲ ಬೇಕು, ಅದಕ್ಕಿಂತ ಹೆಚ್ಚು ಸಂಯಮ ಬೇಕು.