ಲೋಹಗಾಂವ್‌ಗೆ, ಆಕಾಶದ ಹೆಗಲ ಮೇಲೆ

ದೇವನಹಳ್ಳಿಯಿಂದ ಪುಣೆಗೆ ಆಕಾಶದ ಹಾದಿ 700 ಕಿ.ಮೀ.ಗಿಂತ ತುಸು ಹೆಚ್ಚು. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ತುಂಗಭದ್ರಾ ಜಲಾಶಯ ದಾಟಿ, ಬಾದಾಮಿಯ ಆಸುಪಾಸಿನಲ್ಲಿ ಅರ್ಧ ದಾರಿ ಸವೆಸಿ, ಜಮಖಂಡಿಯ ಬಳಿ ಕೃಷ್ಣೆಯನ್ನು ಹಾದು, ಜೇಜೂರಿಯ ಖಂಡೋಬನ ಗುಡ್ಡದ ಮಗ್ಗುಲಿನಿಂದ ಪುಣೆ ಮುಟ್ಟುತ್ತದೆ. ಚಾಲುಕ್ಯರ ಬಾದಾಮಿಯಿಂದ ಪೇಶ್ವೆಗಳ ಪುಣೆಗೆ ಒಂದು ಲೋಟ ಕಾಫಿ ಮುಗಿಸಿ ಸ್ವಲ್ಪ ಹೊತ್ತಿಗೆಲ್ಲ ಬಂದುಬಿಡುತ್ತೇವೆ!

ಕಿಟಕಿಯಿಂದ ಕೆಂಪು ಹೊಲ ಕಪ್ಪಾಗುವುದು ಕಾಣುತ್ತದೆ. ಆಕಾಶದ ಗಡಿಗಳು ಕಾಣುವುದಿಲ್ಲ. ಭಾರತದ ಆಕಾಶವನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ದೊಡ್ಡ ವಲಯಗಳಾಗಿ ಹಂಚಿದ್ದಾರೆ. ಬೆಂಗಳೂರಿನ ಆಕಾಶ ಚೆನ್ನೈ ವಲಯದ್ದು, ಪುಣೆಯದು ಮುಂಬೈ ವಲಯದ್ದು. ಒಂದೊಂದು ವಲಯದೊಳಗೆ ಮತ್ತೆ ಹಲವು ಸೆಕ್ಟರ್‌ಗಳು. ಆಸನದಲ್ಲಿ ನಾವು ಕದಲದೆ ಕೂತಿರುವಾಗಲೇ ನಮ್ಮ ವಿಮಾನ ನೆಲದಿಂದ ರೇಡಿಯೊದಲ್ಲಿ ದಾರಿ ಹೇಳುವ ಒಬ್ಬ ಕಂಟ್ರೋಲರ್‌ನಿಂದ ಇನ್ನೊಬ್ಬರ ವಶಕ್ಕೆ ಹೋಗುತ್ತಲೇ ಇರುತ್ತದೆ.

ಉತ್ಸವದಲ್ಲಿ ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವುದನ್ನು ನೋಡಿದ್ದೇವಲ್ಲ. ಹೊಸ ಹೆಗಲು ಭಾರ ಹಿಡಿಯುವ ತನಕ ಹಳೆಯದು ಸರಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಗಡಿ ಇನ್ನೂ ಮುಂದಿರುವಾಗಲೇ ಈಚೆಯ ಕಂಟ್ರೋಲರ್ ವಿಮಾನವನ್ನು ಆಚೆಯವರಿಗೆ ಒಪ್ಪಿಸುತ್ತಾರೆ. ಅವರು ಒಪ್ಪಿದ ಮೇಲೆ ಈಚೆಯವರು ಪೈಲಟ್‌ಗೆ ಹೊಸ ಫ್ರೀಕ್ವೆನ್ಸಿ ಹೇಳುತ್ತಾರೆ. ಪೈಲಟ್ ಆ ಅಂಕಿಗಳನ್ನು ತಿರುಗಿ ಹೇಳಿ, ರೇಡಿಯೊ ಬದಲಿಸಿ, ಹೊಸ ದನಿಗೆ ತಾನು ಯಾರು, ಎಷ್ಟು ಎತ್ತರದಲ್ಲಿದ್ದೇನೆ ಎಂದು ತಿಳಿಸುತ್ತಾರೆ.

ಹಳೆಯ ದನಿ ಬಿಟ್ಟು ಹೊಸ ದನಿ ಸಿಗುವುದರೊಳಗೆ ಕೆಲವು ಸೆಕೆಂಡುಗಳ ಬಯಲು. ಒಂದು ಅಂಕಿ ತಪ್ಪಾಗಿ ಕೇಳಿಸಿದರೆ ಸಾಕು, ವಿಮಾನ ಯಾರ ಮಾತಿಗೂ ಸಿಗದೆ ಹಾರುತ್ತದೆ. ಎಂಜಿನ್‌ಗೆ ಏನೂ ಆಗಿರುವುದಿಲ್ಲ, ದಾರಿಯೂ ತಪ್ಪಿರುವುದಿಲ್ಲ. ಪೈಲಟ್‌ಗೆ ರೇಡಿಯೊ ಇವತ್ತು ತಣ್ಣಗಿದೆ ಅನ್ನಿಸಬಹುದು. ಅಪಾಯ ಇರುವುದು ಆ ನೆಮ್ಮದಿಯಲ್ಲೇ: ಎದುರು ಇನ್ನೊಂದು ವಿಮಾನ ಬಂದರೆ ಎಚ್ಚರಿಸುವ ದನಿ ಅವರನ್ನು ತಲುಪದು.

ನೆಲದ ಮೇಲೆ ಮೌನ ಸಮ್ಮತಿ ಲಕ್ಷಣ. ಆಕಾಶದಲ್ಲಿ ಮೌನವೆಂದರೆ ಹುಡುಕಾಟದ ಆರಂಭ. ಆಚೆಯ ಕಂಟ್ರೋಲರ್ ಈಚೆಯವರನ್ನು ವಿಚಾರಿಸುತ್ತಾರೆ, ಹತ್ತಿರದ ವಿಮಾನಗಳಿಗೆ ಕೂಗಿ ನೋಡಲು ಹೇಳುತ್ತಾರೆ, ತುರ್ತಿಗೆಂದೇ ಮೀಸಲಿಟ್ಟ 121.5 ಮೆಗಾಹರ್ಟ್ಸ್‌ನಲ್ಲಿ ಕರೆಯುತ್ತಾರೆ. ಆಗಲೂ ಉತ್ತರವಿಲ್ಲದಿದ್ದರೆ? 2017ರ ಫೆಬ್ರವರಿ 16ರಂದು ಮುಂಬೈಯಿಂದ ಲಂಡನ್‌ಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನ ಜರ್ಮನಿಯ ಮೇಲೆ ಮಾತಿಗೆ ಸಿಗದೆ ಹೋಯಿತು. ಒಳಗೆ 330 ಪ್ರಯಾಣಿಕರಿದ್ದರು. ಜರ್ಮನಿಯ ಯುದ್ಧವಿಮಾನಗಳು ಮೇಲೆದ್ದು ಅದರ ಪಕ್ಕಕ್ಕೇ ಬಂದವು. ಸಂಪರ್ಕ ಮರಳಿತು, ವಿಮಾನ ಲಂಡನ್‌ನಲ್ಲಿ ಸುಖವಾಗಿ ಇಳಿಯಿತು. ಒಂದು ದನಿ ಕೇಳಿಸಲಿಲ್ಲವೆಂದು ಒಂದು ದೇಶದ ವಾಯುಪಡೆಯೇ ಎದ್ದು ಬಂದಿತ್ತು!

ಪುಣೆಯಲ್ಲಿ ಇಳಿಯುವಾಗ ಈ ಸಂಗತಿ ನೆನೆದು ಮೈ ಇನ್ನಷ್ಟು ಜುಮ್ಮೆನ್ನುತ್ತದೆ. ಪುಣೆಯ ವಿಮಾನ ನಿಲ್ದಾಣವಿರುವ ಲೋಹಗಾಂವ್ ವಾಯುಪಡೆಯ ನೆಲೆ. ಎರಡನೆಯ ಮಹಾಯುದ್ಧದ ಹೊತ್ತಿಗೆ, 1939ರಲ್ಲಿ ಬ್ರಿಟಿಷರು ಕಟ್ಟಿದ್ದು. ಭಾರತದ ಮೊದಲ ಸುಖೋಯ್-30ಗಳು 1997ರಲ್ಲಿ ಸೇವೆಗೆ ಸೇರಿದ್ದು ಇಲ್ಲಿಯೇ. ಇಂದಿಗೂ ನಾಗರಿಕ ವಿಮಾನಗಳು ಅದೇ ರನ್‌ವೇ ಬಳಸುತ್ತವೆ, ಅವನ್ನು ಇಳಿಸಿಕೊಳ್ಳುವ ದನಿಯೂ ವಾಯುಪಡೆಯದೇ. ಮದುವೆಗೆ ಹೊರಟ ಅಜ್ಜಿ, ಐಟಿ ಕೆಲಸದ ಹುಡುಗ, ಸುಖೋಯ್‌ನ ಪೈಲಟ್, ಎಲ್ಲರಿಗೂ ಸರದಿ ಹಂಚುವವರು ಆ ಗೋಪುರದಲ್ಲಿದ್ದಾರೆ.

ಚಕ್ರ ನೆಲ ಮುಟ್ಟಿತು. ಬಾಗಿಲಲ್ಲಿ ಪೈಲಟ್‌ಗೆ ಎಲ್ಲರೂ ಧನ್ಯವಾದ ಹೇಳಿದರು, ನಾನೂ ಹೇಳಿದೆ. ದೇವನಹಳ್ಳಿಯಿಂದ ಇಲ್ಲಿಯ ತನಕ ನಮ್ಮನ್ನು ಹೊತ್ತು ತಂದ ಉಳಿದವರ ಮುಖವನ್ನು ಯಾವ ಪ್ರಯಾಣಿಕನೂ ನೋಡಿರುವುದಿಲ್ಲ. ಶನಿವಾರವಾಡೆ, ಸಿಂಹಗಡ ನೋಡಲು ಬಂದವನಿಗೆ ಪುಣೆಯ ಮೊದಲ ಬೆರಗು ಅವರೇ ಆದರು: ಉತ್ತರ ಬರುವವರೆಗೂ ಕರೆಯುವುದನ್ನು ನಿಲ್ಲಿಸದ ಜನ.