ಕಡತವೂ ಮೆಮೊರಿ ಕಾರ್ಡೂ

ಕನ್ನಡ ನಾಡಿನ ಲೇಖನ ಸಾಮಗ್ರಿಗಳಲ್ಲಿ ಶಿಲೆ, ತಾಮ್ರಪಟ, ತಾಳೆಗರಿ ಮತ್ತು ಕಾಗದಗಳಿಗೆ ದೊರೆತಷ್ಟು ಗಮನ ಕಡತಕ್ಕೆ ದೊರೆತಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ ಆಡಳಿತ, ಶಾನುಭೋಗರ ದಾಖಲೆ, ವ್ಯಾಪಾರಿಗಳ ಲೆಕ್ಕ ಇವೆಲ್ಲ ಬಹುಕಾಲ ಕಡತದಲ್ಲಿಯೇ ಇದ್ದವು. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ. ಕೈ ತಾಗಿದರೆ ಬೇಕಾದುದೂ ಅಳಿಸಿಹೋಗುವುದು ಅದರ ದೋಷ.

ಅಂತಹ ಒಂದು ಕಡತ ತುರುವೇಕೆರೆ ಸೀಮೆಯ ಹಳ್ಳಿಯೊಂದರ ಹಳೆಯ ತೊಟ್ಟಿಮನೆಯಲ್ಲಿದೆ ಎಂಬ ಸುದ್ದಿ ತಿಪಟೂರಿನಲ್ಲಿ ನೆಲೆಸಿದ್ದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ತಿಳಿಯಿತು. ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದ್ದಾರೆ. ಕಲ್ಲಿನ ಬರಹಕ್ಕೆ ಪಡಿಯಚ್ಚು ಉಂಟು, ಮುದ್ರಿತ ಪಾಠ ಉಂಟು. ಮನೆಯ ಅಟ್ಟದಲ್ಲಿರುವ ಕಡತಕ್ಕೆ ಇವೆರಡೂ ಇಲ್ಲ. ಆದುದರಿಂದ ಅಧ್ಯಾಪಕರು ತಮ್ಮಲ್ಲಿ ಸಂಶೋಧನೆಗೆ ನೆರವು ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಒಂದು ದಿನ ಬೆಳಿಗ್ಗೆಯೇ ಆ ಮನೆಗೆ ಹೋದರು.

ಮನೆಯ ಯಜಮಾನತಿ ಎಂಬತ್ತೈದರ ವೃದ್ಧೆ. ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವುದು ಈ ಸೀಮೆಯ ರೂಢಿ. ಆ ಅಟ್ಟದ ಮೂಲೆಯಲ್ಲಿಯೇ ಕಡತ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಕೊಂಡಿತ್ತು. "ಬಿಚ್ಚಿದಾಗಲೆಲ್ಲ ಬಳಪ ಉದುರ್ತದೆ ಮೇಷ್ಟ್ರೇ. ಒಂದ್ಸಲ ಬಿಚ್ತೀನಿ, ಆಮೇಲೆ ಕೇಳ್ಬೇಡಿ" ಎಂದು ಆಕೆ ಮೊದಲೇ ಹೇಳಿದರು. ಆ ಮಾತು ನ್ಯಾಯವಾಗಿಯೇ ಇತ್ತು. ಮಡಿಕೆಯ ಗೆರೆಗಳಲ್ಲಿ ಅಕ್ಷರಗಳು ಆಗಲೇ ಸವೆದುಹೋಗಿದ್ದವು.

22 ಮಡಿಕೆಗಳು, ಎರಡು ಪಕ್ಕ, ಒಟ್ಟು 44 ಪುಟಗಳು. ಕಪ್ಪು ಹಿನ್ನೆಲೆಯ ಮಾಸಿದ ಬಿಳಿ ಬರಹಕ್ಕೆ ನೇರ ಬೆಳಕು ಹಿತವಲ್ಲವಾದುದರಿಂದ ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ಬೀಳಿಸಿ ಪ್ರತಿ ಪುಟಕ್ಕೆ ಮೂರರಂತೆ 132 ಚಿತ್ರಗಳನ್ನು ವಿದ್ಯಾರ್ಥಿನಿ ತೆಗೆದಳು. ಕೊನೆಯ ಪುಟದ ಕೊನೆಯ ಚಿತ್ರ ತೆಗೆಯುತ್ತಿದ್ದಂತೆ ಕ್ಯಾಮೆರಾದ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಚಿತ್ರ ಬಂದಿರಬೇಕೆಂದು ಇಬ್ಬರೂ ಭಾವಿಸಿದರು. ಕಡತವನ್ನು ಮಡಿಸಿ ಸುತ್ತಿ ಅಟ್ಟಕ್ಕೆ ಏರಿಸಲಾಯಿತು.

ಸಂಜೆ ತಿಪಟೂರಿನಲ್ಲಿ ಅಧ್ಯಾಪಕರ ಹಳೆಯ ಕಂಪ್ಯೂಟರಿಗೆ ಜೋಡಿಸಿದ್ದ ಕಾರ್ಡ್ ರೀಡರಿನಲ್ಲಿ ಮೆಮೊರಿ ಕಾರ್ಡನ್ನು ಹಾಕಿದರೆ ಏನೂ ಕಾಣಿಸಲಿಲ್ಲ. ತೆಗೆದು ಹಾಕಿದರೂ, ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೂ ಫಲವಿಲ್ಲ. ವಿದ್ಯಾರ್ಥಿನಿ ಕಾರ್ಡಿನ ಹಿಂಬದಿಯ ಒಂಬತ್ತು ಲೋಹದ ಪಟ್ಟಿಗಳನ್ನು ನೋಡಿದಳು. ತೆಂಗಿನ ನಾರಿನ ಸಣ್ಣ ಧೂಳು ಅಂಟಿಕೊಂಡಿತ್ತು. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದಳು. ಪಕ್ಕದಲ್ಲಿರುವ ಬೀಗದ ಗುಂಡಿಯನ್ನು ಬರೆಯದಂತೆ ತಡೆಯುವ ಕಡೆಗೆ ಸರಿಸಿದಳು. ಆದರೂ ಕಂಪ್ಯೂಟರು ಕಾರ್ಡನ್ನು ಗುರುತಿಸಲಿಲ್ಲ.

ಕಾರಣ ರೀಡರಿನ ವಯಸ್ಸಿನಲ್ಲಿತ್ತು. 1999ರಲ್ಲಿ ಬಂದ ಮೊದಲ ಎಸ್‌ಡಿ ಕಾರ್ಡಿನ ಧಾರಣಶಕ್ತಿಯ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ, 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ 2 ಟಿಬಿಯವರೆಗೆ ಹೋಗುತ್ತವೆ. ಆಕಾರ ಮೂರಕ್ಕೂ ಒಂದೇ. ಹಳೆಯ ಕಾರ್ಡನ್ನು ಹೊಸ ರೀಡರು ಓದಬಲ್ಲದು, ಹೊಸ ಕಾರ್ಡನ್ನು ಹಳೆಯ ರೀಡರು ಓದಲಾರದು. ಲಿಪಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯೇನಲ್ಲ. ಇಂದಿನ ಕನ್ನಡವನ್ನಷ್ಟೇ ಬಲ್ಲವನು ಹಳಗನ್ನಡ ಶಾಸನದ ಎದುರು ನಿಂತು ಓದಲಾಗದಿದ್ದರೆ ದೋಷ ಶಾಸನದ್ದಲ್ಲ. ಮರುದಿನ 16 ಜಿಬಿಯ ಆ ಎಸ್‌ಡಿಎಚ್‌ಸಿ ಕಾರ್ಡಿಗೆ ತಕ್ಕ ಹೊಸ ರೀಡರನ್ನು ಪೇಟೆಯಿಂದ ತಂದರು.

ಈ ಸಲ ಕಂಪ್ಯೂಟರು ಕಾರ್ಡನ್ನು ಕಂಡಿತು, ಆದರೆ ಓದಲಿಲ್ಲ. ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು. ರೀಡರು ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ ಅವನೂ "ಫಾರ್ಮ್ಯಾಟ್ ಕೊಡಿ ಸಾರ್, ಸರಿಹೋಗುತ್ತೆ" ಎಂದ. ಅವನ ಮಾತು ಸುಳ್ಳಲ್ಲ. ಕಾರ್ಡು ಸರಿಹೋಗುತ್ತಿತ್ತು, ಒಳಗಿನ ಚಿತ್ರಗಳಿಗೆ ಅಪಾಯವಾಗುತ್ತಿತ್ತು. ಅಧ್ಯಾಪಕರ ಬೆರಳು ಮೌಸಿನ ಮೇಲಿತ್ತು. ವಿದ್ಯಾರ್ಥಿನಿ "ಬೇಡ ಸಾರ್" ಎಂದು ಕಾರ್ಡನ್ನು ಹೊರತೆಗೆಯಿಸಿದಳು.

ಅವಳ ಅಂಜಿಕೆಗೆ ಆಧಾರವಿತ್ತು. ಇಂತಹ ಕಾರ್ಡಿನಲ್ಲಿ ಚಿತ್ರಗಳು ಒಂದು ಕಡೆ, ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಕೋಷ್ಟಕಗಳು ಇನ್ನೊಂದು ಕಡೆ ಇರುತ್ತವೆ. ಹಸ್ತಪ್ರತಿ ಭಂಡಾರದ ಕಪಾಟುಗಳಿಗೂ ಸೂಚಿಗೂ ಇರುವ ಸಂಬಂಧವೇ ಇದು. ಸೂಚಿಯ ಪುಟ ಹರಿದರೆ ಕಟ್ಟುಗಳು ಕಪಾಟಿನಲ್ಲಿಯೇ ಇರುತ್ತವೆ, ಕೇಳಿದವರಿಗೆ ತೆಗೆದುಕೊಡುವುದಷ್ಟೇ ಆಗುವುದಿಲ್ಲ. ಕೋಷ್ಟಕವನ್ನು ತಿದ್ದಿ ಬರೆಯುತ್ತಿರುವಾಗ ಬ್ಯಾಟರಿ ಮುಗಿದರೆ ಸೂಚಿ ಅರ್ಧಕ್ಕೆ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಫಾರ್ಮ್ಯಾಟ್ ಮಾಡುವುದೆಂದರೆ ಖಾಲಿ ಸೂಚಿಯನ್ನು ಹೊಸದಾಗಿ ಬರೆದು ಭಂಡಾರವೇ ಬರಿದಾಗಿದೆಯೆಂದು ಸಾರಿದಂತೆ. ಆಮೇಲೆ ಹೊಸ ಚಿತ್ರ ತೆಗೆದರಂತೂ ಅದು ಹಳೆಯದರ ಮೇಲೆಯೇ ಕೂರುತ್ತದೆ. ಕಡತವನ್ನು ಒರೆಸಿ ಬರೆದ ಹಾಗೆ.

ಮುಂದಿನ ಕೆಲಸವನ್ನು ಅವಳು ನಿಧಾನವಾಗಿ ಮಾಡಿದಳು. ಮೊದಲು ಇಡೀ ಕಾರ್ಡಿನ ಯಥಾಪ್ರತಿಯೊಂದನ್ನು, ಖಾಲಿ ಜಾಗವನ್ನೂ ಬಿಡದೆ, ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಂಡು ಮೂಲ ಕಾರ್ಡನ್ನು ಡಬ್ಬಿಯಲ್ಲಿಟ್ಟಳು. ಅನಂತರ ಆ ಪ್ರತಿಯ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದಳು. ಅದು ಸೂಚಿಯನ್ನು ನಂಬುವುದಿಲ್ಲ. ಪ್ರತಿಯೊಂದು ಜೆಪಿಇಜಿ ಚಿತ್ರವೂ ನಿಶ್ಚಿತವಾದ ಕೆಲವು ಸಂಕೇತಗಳಿಂದಲೇ ಆರಂಭವಾಗುವುದರಿಂದ ಆ ಆರಂಭವನ್ನು ಹುಡುಕಿ, ಅಲ್ಲಿಂದ ಮುಂದಿನದನ್ನು ಚಿತ್ರವಾಗಿ ಎತ್ತಿಕೊಡುತ್ತದೆ. ಬಿಡಿಗರಿಗಳ ರಾಶಿಯಲ್ಲಿ ಮಂಗಳಪದ್ಯವನ್ನು ಕಂಡು ಇಲ್ಲಿಂದ ಕಾವ್ಯ ಮೊದಲಾಗುತ್ತದೆಂದು ಸಂಪಾದಕರು ಗುರುತಿಸುವುದು ಹೀಗೆಯೇ.

ಕತ್ತಲಾಗುವ ವೇಳೆಗೆ ಚಿತ್ರಗಳು ಒಂದೊಂದಾಗಿ ಬಂದವು. ಕ್ಯಾಮೆರಾ ಕೊಟ್ಟಿದ್ದ ಹೆಸರುಗಳು ಹೋಗಿದ್ದವು. ಆದರೆ ಪ್ರತಿ ಚಿತ್ರದ ಒಳಗೆ ತೆಗೆದ ಹೊತ್ತು ದಾಖಲಾಗಿತ್ತು. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದುದರಿಂದ ವರ್ಷವೇನೋ ಸುಳ್ಳು, ಅನುಕ್ರಮ ಮಾತ್ರ ನಿಜ. ಶಕವರ್ಷಕ್ಕೂ ಸಂವತ್ಸರಕ್ಕೂ ಹೊಂದದ ಶಾಸನಗಳನ್ನು ಕಂಡಿದ್ದ ಅಧ್ಯಾಪಕರು ಅದಕ್ಕೆ ನಕ್ಕರು. 129 ಚಿತ್ರಗಳು ಇಡಿಯಾಗಿ ದೊರೆತವು. ಉಳಿದ ಮೂರೂ ಕೊನೆಯ ಪುಟದವು. ಎರಡರಲ್ಲಿ ಮೇಲರ್ಧ ಮಾತ್ರ ಸ್ಪಷ್ಟ, ಕೆಳಗೆ ಬೂದುಬಣ್ಣದ ಪಟ್ಟೆ. ಮೂರನೆಯದು ಇರಲೇ ಇಲ್ಲ.

ನಷ್ಟವಾದುದು ಒಂದೇ ಪುಟದ ಅರ್ಧ, ಆದರೆ ಅದು ಮುಖ್ಯವಾದ ಅರ್ಧ. ಮೊದಲ 43 ಪುಟಗಳಲ್ಲಿ ತೆಂಗಿನಕಾಯಿಯ ಎಣಿಕೆ, ರಾಗಿಯ ಸಾಲ, ಕೂಲಿಯ ಲೆಕ್ಕಗಳಿದ್ದವು, ಕಾಲ ಎಲ್ಲಿಯೂ ಇರಲಿಲ್ಲ. ಕೊನೆಯ ಪುಟದ ಮೇಲರ್ಧದಲ್ಲಿ ಪ್ರಮಾಥಿ ಸಂವತ್ಸರ ಎಂದಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1819-20 ಆಗಬಹುದು, 1879-80 ಆಗಬಹುದು, 1939-40 ಕೂಡ ಆಗಬಹುದು. ಬರೆದವರ ಹೆಸರು ಕೆಳಗಿರಬೇಕು.

ಒಂದು ವಾರ ಸಂಕೋಚದಲ್ಲಿ ಕಳೆದ ಮೇಲೆ ಇಬ್ಬರೂ ಮತ್ತೆ ಆ ಮನೆಗೆ ಹೋದರು. ಆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಕೊನೆಯ ಮಡಿಕೆಯೊಂದನ್ನು ಮಾತ್ರ ತೋರಿಸಬೇಕೆಂದು ಕೇಳಿಕೊಂಡರು. ವೃದ್ಧೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಪೆಟ್ಟಿಗೇನೂ ನಮ್ಮ ಕಡತದಂಗೇ ಆಯ್ತಲ್ಲ ತಾಯಿ" ಎಂದು ವಿದ್ಯಾರ್ಥಿನಿಗೆ ಹೇಳಿ ಒಳಗೆ ಹೋದರು. ಮಡಿಕೆ ಬಿಚ್ಚಿದಾಗ ಬಳಪದ ಬಿಳಿಪುಡಿ ಒಂದಿಷ್ಟು ಸೀರೆಯ ಚೂರಿನ ಮೇಲೆ ಉದುರಿತು. ವಿದ್ಯಾರ್ಥಿನಿ ಈ ಸಲ ಚಿತ್ರ ತೆಗೆಯುವ ಮೊದಲೇ ಕಾಗದದ ಮೇಲೆ ನಕಲು ಮಾಡಿಕೊಂಡಳು. ಅಧ್ಯಾಪಕರು ಕೆಳಗಿನ ಸಾಲಿನ ಹೆಸರನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು.

"ಅದು ನಮ್ಮ ಯಜಮಾನರ ತಾತ" ಎಂದರು ವೃದ್ಧೆ. "ಅವರು ಬರೀತಿದ್ರು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ." ಆಕೆಯ ಪತಿ ಹುಟ್ಟುವಾಗಲೇ ಆ ತಾತ ಎಪ್ಪತ್ತರ ಸಮೀಪದಲ್ಲಿದ್ದರೆಂದೂ, ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರೆಂದೂ ಆಕೆ ಕೇಳಿ ಬಲ್ಲರು. ಆಕೆಗಿಂತ ಪತಿ ಹತ್ತು ವರ್ಷ ದೊಡ್ಡವರು. ಮೂರು ಪ್ರಮಾಥಿಗಳಲ್ಲಿ ಎರಡು ಬಿದ್ದುಹೋಗಿ ಶಕ 1801, ಅಂದರೆ 1879-80 ನಿಂತಿತು. ಕಾಲನಿರ್ಣಯಕ್ಕೆ ಒದಗಿದ ಕೊನೆಯ ಆಧಾರ ಆ ಮನೆಯ ನೆನಪು.

ಕ್ಷೇತ್ರಕಾರ್ಯಕ್ಕೆ ಹೊರಡುವವರಿಗೆ ಈ ಪ್ರಸಂಗದಿಂದ ತಿಳಿಯುವುದು ಇಷ್ಟು. ಕಂಪ್ಯೂಟರು ಗುರುತಿಸಲಿಲ್ಲವೆಂದ ಮಾತ್ರಕ್ಕೆ ಕಾರ್ಡಿನಲ್ಲಿರುವುದು ನಾಶವಾಗಿದೆಯೆಂದಲ್ಲ. ಬೇರೆ ರೀಡರನ್ನು ನೋಡಬೇಕು, ಪಟ್ಟಿಗಳನ್ನು ಒರೆಸಬೇಕು, ಕ್ಯಾಮೆರಾವನ್ನೇ ಕೇಬಲ್ಲಿನಿಂದ ಜೋಡಿಸಿ ನೋಡಬೇಕು. ಏನೇ ಆದರೂ ಆ ಕಾರ್ಡಿನ ಮೇಲೆ ಏನನ್ನೂ ಬರೆಯಕೂಡದು, ಮರಳಿ ಪಡೆದುದನ್ನು ಅದರಲ್ಲಿಯೇ ಉಳಿಸಕೂಡದು. ಸವೆದ ಅಕ್ಷರವನ್ನು ಸುಣ್ಣ ತುಂಬಿ ತಿದ್ದಬಾರದೆಂದು ಶಾಸನದ ವಿದ್ಯಾರ್ಥಿಗೆ ಹೇಳುವುದೂ ಇದೇ ಕಾರಣಕ್ಕೆ. ಆ ವಿದ್ಯಾರ್ಥಿನಿಯ ಚೀಲದಲ್ಲಿ ಈಗ ಎರಡು ಬ್ಯಾಟರಿ, ಎರಡು ಕಾರ್ಡು ಮತ್ತು ಒಂದು ಪೆನ್ಸಿಲು ಇರುತ್ತವೆ. ಮನೆಯವರ ಎದುರಿನಲ್ಲಿಯೇ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ, ಒಂದೊಂದನ್ನೂ ತೆರೆದು ನೋಡಿದ ಮೇಲೆಯೇ ಅವಳು ಕಟ್ಟನ್ನು ಮಡಿಸಲು ಹೇಳುತ್ತಾಳೆ.